ಹೆಸರಿನ ಮುಂದಿನ ಐದು ಅಕ್ಷರಗಳು



ಅಮೆರಿಕದ ಸಿಯಾಟಲ್‌ನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಪತ್ರ ಬರೆದಿದ್ದ. ಅವನೊಡನೆ ನೆಲೆಸಿರುವ ತಂದೆಯವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ತಿಳಿದು, ಆಸ್ಪತ್ರೆಯಲ್ಲಿ ಕಿಮೊಥೆರಪಿ ಆರಂಭವಾಗಿದೆ. ಜೊತೆಗೆ ಪ್ರಕೃತಿ ಚಿಕಿತ್ಸೆಯ ವೈದ್ಯರೊಬ್ಬರನ್ನೂ ಕಾಣಬೇಕೆಂಬುದು ಮನೆಯವರ ಅಪೇಕ್ಷೆ. "ಮೇಷ್ಟ್ರೇ, ಅವರ ಹೆಸರಿನ ಮುಂದೆ ಎಫ್.ಎ.ಬಿ.ಎನ್.ಓ. ಎಂದಿದೆ. ನಂಬಬಹುದೇ?" ಎಂಬುದು ಅವನ ಪ್ರಶ್ನೆ.

ಸಂಧಿ ಸಮಾಸ ಕಲಿಸಿದವನಿಗೆ ಕೇಳುವ ಪ್ರಶ್ನೆ ಇದಲ್ಲ. ಆದರೂ ಮೂವತ್ತಾರು ವರ್ಷ ಪರೀಕ್ಷೆ ನಡೆಸಿದವನಾದ್ದರಿಂದ, ಪ್ರಮಾಣಪತ್ರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಸ್ವಲ್ಪ ತಿಳಿದಿದೆ.

ಆ ಐದು ಅಕ್ಷರಗಳು 'ಅಮೆರಿಕನ್ ಬೋರ್ಡ್ ಆಫ್ ನ್ಯಾಚುರೋಪಥಿಕ್ ಆಂಕಾಲಜಿ'ಯ ಫೆಲೋ ಎಂಬುದರ ಸಂಕ್ಷೇಪ. ಪ್ರಕೃತಿ ಚಿಕಿತ್ಸೆಯ ಪದವಿ ಪಡೆದ ಮೇಲೆ ಕ್ಯಾನ್ಸರ್ ರೋಗಿಗಳೊಡನೆ ನಿಗದಿತ ಅನುಭವ ಗಳಿಸಿ, ಪ್ರತ್ಯೇಕ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಇದು ದೊರೆಯುತ್ತದೆ. ಇದರ ಅಗತ್ಯವನ್ನು ನಾನು ಅಲ್ಲಗಳೆಯಲಾರೆ. ಖಿನ್ನತೆಗೆಂದು ಜನ ತಾವಾಗಿಯೇ ಕೊಂಡು ನುಂಗುವ 'ಸೇಂಟ್ ಜಾನ್ಸ್ ವರ್ಟ್' ಎಂಬ ಮೂಲಿಕೆ, ಕರುಳಿನ ಕ್ಯಾನ್ಸರಿಗೆ ಕೊಡುವ ಇರಿನೊಟೆಕಾನ್ ಔಷಧಿಯ ಸಕ್ರಿಯ ಅಂಶವನ್ನು ರಕ್ತದಲ್ಲಿ ಶೇಕಡಾ 42ರಷ್ಟು ಇಳಿಸಿತೆಂದು 2002ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ತೋರಿಸಿತು. ಸೊಪ್ಪು ಬೇರು ತಾನೇ, ಏನು ಮಾಡೀತು ಎನ್ನುವವರಿಗೆ ಈ ಒಂದು ಉದಾಹರಣೆ ಸಾಕು. ಇದನ್ನು ಅರಿತ ಪ್ರಕೃತಿ ಚಿಕಿತ್ಸಕ ಅರಿಯದವನಿಗಿಂತ ಮೇಲು.

ಆದರೆ ಪರೀಕ್ಷೆ ಅಳೆಯುವುದು ಅಭ್ಯರ್ಥಿಯ ತಿಳಿವಳಿಕೆಯನ್ನು. ಅವನು ಕಲಿತ ಚಿಕಿತ್ಸೆ ಗಡ್ಡೆಯನ್ನು ಕರಗಿಸುತ್ತದೆಯೇ ಎಂಬುದನ್ನಲ್ಲ. ಯೇಲ್ ವಿಶ್ವವಿದ್ಯಾಲಯದ ವೈದ್ಯರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೂಢಿಯ ಚಿಕಿತ್ಸೆಯನ್ನು ಬಿಟ್ಟು ಪರ್ಯಾಯ ಪದ್ಧತಿಯನ್ನೇ ಆಯ್ದುಕೊಂಡ 281 ಮಂದಿಯಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತು. ಅವರಲ್ಲಿ ಯಾರಿಗೂ ರೋಗ ದೂರದ ಅಂಗಗಳಿಗೆ ಹರಡಿರಲಿಲ್ಲ ಎಂಬುದು ನನ್ನನ್ನು ಹೆಚ್ಚು ಕಲಕಿತು.

ಅದಕ್ಕೆ ಕಾರಣವಿದೆ. ಬಂಧುಗಳು ಅಕ್ಕನನ್ನು ಮರೆತಿರಲಾರರು. ಎದೆಯಲ್ಲಿ ಗಂಟು ಕಂಡಾಗ ಅವಳು ಮೊದಲು ಹೋದದ್ದು ಒಬ್ಬ ಪ್ರಕೃತಿ ಚಿಕಿತ್ಸಕರ ಬಳಿಗೆ. ಉಪವಾಸ, ಬೂದುಗುಂಬಳದ ರಸ, ಹೊಟ್ಟೆಗೆ ಮಣ್ಣಿನ ಪಟ್ಟಿ. ಐದು ತಿಂಗಳು ಕಳೆಯಿತು. ಆತ ದುರಾಸೆಯವರಲ್ಲ, ಹಣವನ್ನೂ ಹೆಚ್ಚು ಪಡೆಯಲಿಲ್ಲ. "ಇದು ನನ್ನಿಂದಾಗದು, ನಾಳೆಯೇ ಆಸ್ಪತ್ರೆಗೆ ಹೋಗಿ ತಾಯಿ" ಎಂಬ ಒಂದು ಮಾತನ್ನು ಅವರಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೆ. ಆಕೆಯನ್ನು ಕರೆದೊಯ್ಯದ ತಮ್ಮನಾದ ನಾನೂ ಆ ತಪ್ಪಿನಲ್ಲಿ ಪಾಲುದಾರ.

ನನ್ನ ಅಸಮಾಧಾನವಿರುವುದು ಇಲ್ಲಿಯೇ. ವಿಶೇಷಜ್ಞತೆಯ ಪರೀಕ್ಷೆಗೆ ಕೂರುವವರು ಸ್ವ ಇಚ್ಛೆಯಿಂದ ಬಂದವರು, ಎಚ್ಚರವುಳ್ಳವರು. ಗಂಟು ಹೊತ್ತ ಹೆಂಗಸು ಮೊದಲು ಎದುರಾಗುವುದು ಅವರಿಗಲ್ಲ, ಬೀದಿಯ ಸಾಮಾನ್ಯ ಚಿಕಿತ್ಸಕನಿಗೆ. ಅಮೆರಿಕದಲ್ಲಿ ಪ್ರಕೃತಿ ಚಿಕಿತ್ಸಕರಿಗೆ ಪರವಾನಗಿ ಕಡ್ಡಾಯವಲ್ಲದ ರಾಜ್ಯಗಳು ಇಂದಿಗೂ ಬಹಳ. ನಮ್ಮಲ್ಲಿ ಐದೂವರೆ ವರ್ಷದ ಬಿ.ಎನ್.ವೈ.ಎಸ್. ಪದವಿಯಿದೆ, ಉಜಿರೆಯಂಥ ಊರಿನಲ್ಲಿ ಒಳ್ಳೆಯ ಕಾಲೇಜಿದೆ. ಆದರೆ ಭಾರತೀಯ ವೈದ್ಯ ಪದ್ಧತಿಗಳಿಗೆಂದು 2020ರಲ್ಲಿ ರಚಿಸಿದ ರಾಷ್ಟ್ರೀಯ ಆಯೋಗದ ಕಾಯಿದೆಯೊಳಗೆ ಪ್ರಕೃತಿ ಚಿಕಿತ್ಸೆ ಸೇರಲಿಲ್ಲ. ಯಾವಾಗ ಕೈಬಿಟ್ಟು ಮುಂದಕ್ಕೆ ಕಳುಹಿಸಬೇಕು ಎಂಬ ಪಾಠ ಎಲ್ಲರ ಮೊದಲ ಪದವಿಯಲ್ಲೇ ಇರಬೇಕು, ಅದರಲ್ಲಿ ನಪಾಸಾದವನಿಗೆ ಪದವಿಯೇ ಸಿಗಬಾರದು. ಐದು ಅಕ್ಷರಗಳು ಆಮೇಲಿನ ಮಾತು.

ವಿದ್ಯಾರ್ಥಿಗೆ ಹೀಗೆ ಉತ್ತರಿಸಿದೆ: ಹೋಗಿ ಬಾ. ವಾಕರಿಕೆ, ನಿದ್ರೆ, ಊಟ, ಮನಸ್ಸಿನ ಧೈರ್ಯಕ್ಕೆ ಅವರ ಸಲಹೆ ಪಡೆ. ಕಿಮೊ ಬಿಡಿ ಎಂದರೆ ಅಲ್ಲಿಂದ ಎದ್ದು ಬಾ. ಅವರು ಬರೆದುಕೊಟ್ಟ ಪಟ್ಟಿಯನ್ನು ಮೊದಲು ಕ್ಯಾನ್ಸರ್ ತಜ್ಞರಿಗೆ ತೋರಿಸು. ಅಮ್ಮ ಊರಿನಿಂದ ತರಿಸುವ ಪುಡಿಗಳನ್ನೂ ಅದರಲ್ಲಿ ಸೇರಿಸು.

ಮೊನ್ನೆ ಅವನ ಮರುಪತ್ರ ಬಂತು. ಪಟ್ಟಿಯ ಏಳರಲ್ಲಿ ಎರಡನ್ನು ತಜ್ಞರು ಹೊಡೆದುಹಾಕಿದರಂತೆ. ಎರಡೂ ಅಮ್ಮನ ಪುಡಿಗಳೇ.