ಹಾಲಿಗೆ ದಿನಕ್ಕೆರಡು ಪರೀಕ್ಷೆ, ನಲ್ಲಿ ನೀರಿಗೆ ಯಾವಾಗ?

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಾವು ತಂದ ಹಾಲು ಡೇರಿಯಲ್ಲಿ ಪರೀಕ್ಷೆಯಾಗುತ್ತದೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂಬುದು ನಮ್ಮ ಕಣ್ಣೆದುರಿಗೇ ಗೊತ್ತಾಗುತ್ತದೆ. ಒಂದು ಪಾಯಿಂಟ್ ಕಡಿಮೆ ಬಂದರೆ ಪರೀಕ್ಷಕರನ್ನು ನಿಲ್ಲಿಸಿ ಯಾಕೆ ಎಂದು ಕೇಳುತ್ತೇವೆ. ಕೇಳಲೇಬೇಕು, ಅದು ನಮ್ಮ ದುಡಿಮೆ. ಆದರೆ ಅದೇ ಮನೆಯ ನಲ್ಲಿಯಲ್ಲಿ ಬರುವ ನೀರನ್ನು ಕೊನೆಯ ಸಲ ಯಾರು, ಯಾವಾಗ ಪರೀಕ್ಷೆ ಮಾಡಿದರು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಹೇಳಬಲ್ಲೆವು? ಮಾರುವ ಹಾಲಿಗೆ ಲೆಕ್ಕವಿದೆ, ಮಕ್ಕಳು ಕುಡಿಯುವ ನೀರಿಗೆ ಲೆಕ್ಕವಿಲ್ಲ. ಜಾವಗಲ್ ಸುತ್ತಿನ ಸಂಘಗಳ ಮಹಿಳಾ ಸದಸ್ಯರು ಈ ಸಲದ ಸರ್ವ ಸದಸ್ಯರ ಸಭೆಯಲ್ಲಿ ಈ ಮಾತನ್ನು ಎತ್ತಬೇಕು. ಊರಿನ ನೀರಿನ ಪರೀಕ್ಷೆಯ ಫಲಿತಾಂಶ ಡೇರಿಯ ಗೋಡೆಯ ಮೇಲೆ, ಹಾಲಿನ ದರಪಟ್ಟಿಯ ಪಕ್ಕದಲ್ಲಿ ಬರಲಿ.

ಇದನ್ನು ಹೇಳಲು ಕಾರಣವಿದೆ. ಜಾವಗಲ್, ಹಳೇಬೀಡು ಸೀಮೆಯಲ್ಲಿ ಹೊಯ್ಸಳರ ಕಾಲದಿಂದಲೂ ಜನ ಕೆರೆ ನಂಬಿ ಬದುಕಿದವರು. ಈಗ ನಂಬಿರುವುದು ಹೆಚ್ಚಾಗಿ ಕೊಳವೆಬಾವಿಯನ್ನು. ಮಳೆ ಕೈಕೊಟ್ಟಂತೆ ಬಾವಿ ಆಳಕ್ಕೆ ಇಳಿಯಿತು. ಆಳದ ನೀರು ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು, ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿರುವ ತಾಲ್ಲೂಕುಗಳ ಸಾಲಿನಲ್ಲಿ ನಮ್ಮ ಅರಸೀಕೆರೆಯೂ ಸೇರಿದೆ. ಭಾರತೀಯ ಮಾನಕ ಸಂಸ್ಥೆಯ ನಿಯಮದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದಾಗ 1.5ರವರೆಗೆ ಒಪ್ಪಬಹುದು.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರು ಸಿಹಿ ಅನ್ನಿಸಿದರೆ ಒಳ್ಳೆಯದು, ಸಪ್ಪೆ ಅನ್ನಿಸಿದರೆ ಕೆಟ್ಟದ್ದು ಎನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದೇ ಊರಿನಲ್ಲಿ ಒಂದು ಕೊಳವೆಬಾವಿ ಸರಿಯಿದ್ದು, ಇನ್ನೂರು ಅಡಿ ಆಚೆಯದು ಕೆಟ್ಟಿರಬಹುದು. ಹಾಗಾಗಿ ಪಕ್ಕದ ಊರಿನ ಫಲಿತಾಂಶ ನಮಗೆ ಸಾಲದು. ಪ್ರತಿ ಬಾವಿಗೂ ಅದರದೇ ಪರೀಕ್ಷೆ ಬೇಕು.

ಈ ವಿಷಯದಲ್ಲಿ ಮೊದಲು ಎಚ್ಚರಿಸಿದ್ದು ದನಗಳೇ. 1930ರ ದಶಕದ ಆರಂಭದಲ್ಲಿ ಆಂಧ್ರದ ನೆಲ್ಲೂರು ಕಡೆಯ ರೈತರು ತಮ್ಮ ಎತ್ತುಗಳ ಕೀಲು ಬಿಗಿದು ಅವು ನಡೆಯಲಾರದೆ ಮಲಗುವುದನ್ನು ಕಂಡರು. 1937ರಲ್ಲಿ ವೈದ್ಯರು ಅಲ್ಲಿನ ಮನುಷ್ಯರಲ್ಲೂ ಅದೇ ರೋಗವನ್ನು ಗುರುತಿಸಿ ಬರೆದರು. ಕಾರಣ ನೀರಿನ ಫ್ಲೋರೈಡ್. ಮಕ್ಕಳ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆ ಬೀಳುವುದು ಇದರ ಮೊದಲ ಗುರುತು. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಬಿದ್ದ ಈ ಕಲೆಯನ್ನು ಎಷ್ಟು ಉಜ್ಜಿದರೂ ತೆಗೆಯಲಾಗದು. ಇದೇ ನೀರನ್ನು ಹತ್ತಾರು ವರ್ಷ ಕುಡಿದರೆ ಬೆನ್ನು, ಮಂಡಿ, ಕುತ್ತಿಗೆ ಬಿಗಿಯುತ್ತವೆ. ನಲವತ್ತು ದಾಟಿದ ಹೆಂಗಸು ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂತರೆ ಏಳಲಾಗದೆ ಕಷ್ಟಪಟ್ಟಾಗ, ಕೆಲಸ ಜಾಸ್ತಿ ಎಂದು ಸುಮ್ಮನಾಗುತ್ತೇವೆ. ಎಲ್ಲ ಮಂಡಿನೋವೂ ನೀರಿನಿಂದ ಬರುತ್ತದೆ ಎಂದಲ್ಲ. ಆದರೆ ಪರೀಕ್ಷೆಯೇ ಇಲ್ಲದಿದ್ದರೆ ನೀರಿನಿಂದ ಬಂದದ್ದು ಯಾವುದು ಎಂದು ತಿಳಿಯುವುದಾದರೂ ಹೇಗೆ?

ಫ್ಲೋರೈಡ್ ನಿಧಾನವಾಗಿ ಕೆಡಿಸಿದರೆ, ಕೊಳಚೆ ಬೆರೆತ ನೀರು ಒಂದೇ ದಿನದಲ್ಲಿ ಮಲಗಿಸುತ್ತದೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹಲವರು ಪ್ರಾಣ ಕಳೆದುಕೊಂಡರು. ಅದಕ್ಕೂ ಮೊದಲು, ಅದೇ ವರ್ಷದ ಬೇಸಿಗೆಯಲ್ಲಿ ರಾಯಚೂರು, ಕೊಪ್ಪಳ ಜಿಲ್ಲೆಗಳ ಹಳ್ಳಿಗಳಿಂದಲೂ ಇಂಥದೇ ಸುದ್ದಿ ಬಂತು. ಅವರೆಲ್ಲ ಕುಡಿದದ್ದು ಹಳ್ಳದ ನೀರಲ್ಲ, ಊರಿಗೆ ಸರಬರಾಜಾಗುತ್ತಿದ್ದ ನೀರು.

ನಲ್ಲಿ ನೀರು ಕೆಡುವ ದಾರಿ ನಮ್ಮ ಮನೆ ಮುಂದೆಯೇ ಇರುತ್ತದೆ. ನೀರು ಸಣ್ಣಗೆ ಬರುತ್ತದೆ ಎಂದು ಎಷ್ಟೋ ಮನೆಗಳಲ್ಲಿ ನಲ್ಲಿಯನ್ನು ನೆಲಮಟ್ಟದಿಂದ ಕೆಳಗೆ ಗುಂಡಿ ತೋಡಿ ಇಳಿಸಿರುತ್ತಾರೆ. ಕೊಟ್ಟಿಗೆ ತೊಳೆದ ನೀರು, ಗಂಜಲ, ಪಾತ್ರೆ ತೊಳೆದ ನೀರು ಹೋಗಿ ನಿಲ್ಲುವುದು ಅದೇ ಗುಂಡಿಯಲ್ಲಿ. ನೀರುಗಂಟಿ ವಾಲ್ವ್ ನಿಲ್ಲಿಸಿದಾಗ ಪೈಪು ಖಾಲಿಯಾಗಿ ಒಳಕ್ಕೆ ಎಳೆಯುತ್ತದೆ. ಗುಂಡಿಯ ನೀರು ನಲ್ಲಿಯ ಬಾಯಿಂದಲೋ ಸಡಿಲವಾದ ಜಾಯಿಂಟಿನಿಂದಲೋ ಪೈಪಿಗೆ ಸೇರುತ್ತದೆ. ಮಾರನೆಯ ದಿನ ಅದು ಮುಂದಿನ ಮನೆಯ ಬಿಂದಿಗೆಗೆ ಬರುತ್ತದೆ. ಪೈಪಿಗೆ ನೇರವಾಗಿ ಮೋಟರ್ ಹಾಕಿ ಎಳೆಯುವವರಿದ್ದರೆ ಈ ಕೆಲಸ ಇನ್ನೂ ಸಲೀಸು. ಒಬ್ಬರ ಕೆಟ್ಟ ಕ್ಯಾನ್ ಬಿಎಂಸಿಯಲ್ಲಿ ಸುರಿದರೆ ಊರಿನ ಹಾಲೆಲ್ಲ ಕೆಡುವ ಹಾಗೆ ಇದೂ.

ತಿಪ್ಪೆಯದ್ದೂ ಇದೇ ಕಥೆ. ಕೊಳವೆಬಾವಿಯ ಹತ್ತಿರ ತಿಪ್ಪೆ ಹಾಕಿದರೆ ಮಳೆನೀರಿನ ಜೊತೆ ನೈಟ್ರೇಟ್ ಕೆಳಗಿಳಿಯುತ್ತದೆ. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಮೀರಿದ ನೀರಿನಲ್ಲಿ ಪುಡಿಹಾಲು ಕಲಸಿ ಎಳೆಗೂಸಿಗೆ ಕುಡಿಸಿದರೆ ಮಗುವಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ, ಮೈ ನೀಲಿಗಟ್ಟುವ ಅಪಾಯವಿದೆ. ದನ ಸಾಕುವವರು ನಾವೇ ಆದ್ದರಿಂದ ತಿಪ್ಪೆಯನ್ನು ದೂರ ಇಡುವ ಹೊಣೆಯೂ ನಮ್ಮದೇ.

ಇಲ್ಲಿ ಹಾಲಿನ ಗುಣಮಟ್ಟದ ಪ್ರಶ್ನೆಯೂ ಇದೆ. ಕೆಚ್ಚಲು ತೊಳೆಯುವುದು, ಪಾತ್ರೆ ತೊಳೆಯುವುದು, ಕ್ಯಾನನ್ನು ಕೊನೆಯಲ್ಲಿ ಜಾಲಿಸುವುದು ಇದೇ ನೀರಿನಲ್ಲಿ. ಎಷ್ಟು ಸೋಪು ಹಾಕಿ ಉಜ್ಜಿದರೂ ಜಾಲಿಸುವ ನೀರಿನಲ್ಲಿ ರೋಗಾಣು ಇದ್ದರೆ ಅವು ಹಾಲಿಗೆ ಹೋಗುತ್ತವೆ, ಹಾಲು ಬೇಗ ಒಡೆಯುತ್ತದೆ.

ಇನ್ನು ಫಿಲ್ಟರ್ ನೀರಿನ ಮಾತು. ಹಳ್ಳಿಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ. ಘಟಕ ಸರಿಯಾಗಿ ನಡೆಯುತ್ತಿದ್ದರೆ ಅದು ಫ್ಲೋರೈಡ್ ತೆಗೆಯುತ್ತದೆ, ಒಳ್ಳೆಯದೇ. ಆದರೆ ತೆಗೆದ ಫ್ಲೋರೈಡ್ ಎಲ್ಲಿಗೆ ಹೋಗುತ್ತದೆ? ಘಟಕ ಹೊರಕ್ಕೆ ಬಿಡುವ ವೇಸ್ಟ್ ನೀರಿಗೆ. ಲೀಟರಿಗೆ 2 ಮಿಲಿಗ್ರಾಂ ಇರುವ ನೀರನ್ನು ಘಟಕಕ್ಕೆ ಬಿಟ್ಟು, ಅರ್ಧ ಶುದ್ಧವಾಗಿ ಅರ್ಧ ಹೊರಗೆ ಹೋದರೆ, ಹೊರಗೆ ಹೋದ ನೀರಿನಲ್ಲಿ ಸುಮಾರು 4 ಮಿಲಿಗ್ರಾಂ ಇರುತ್ತದೆ. ನೀರು ಹಾಳಾಗಬಾರದು ಎಂಬ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಪೈಪು ಹಾಕಿ ದನದ ತೊಟ್ಟಿಗೆ ಬಿಡುವುದುಂಟು. ಜಾನುವಾರು ಕುಡಿಯುವ ನೀರಿನಲ್ಲಿ ಫ್ಲೋರೈಡ್ 2 ಮಿಲಿಗ್ರಾಂ ದಾಟಬಾರದು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಿತಿ. ಕರೆಯುವ ಹಸು ಬೇಸಿಗೆಯಲ್ಲಿ ದಿನಕ್ಕೆ ಎಂಬತ್ತು ನೂರು ಲೀಟರ್ ನೀರು ಕುಡಿಯುತ್ತದೆ. ನಾವು ಬೇಡವೆಂದು ಬಿಟ್ಟ ವಿಷವನ್ನು ಅದಕ್ಕೆ ಇಮ್ಮಡಿ ಮಾಡಿ ಕುಡಿಸಿದಂತಾಯಿತು. ಕರುವಿನ ಹಲ್ಲು ಸವೆಯುವುದು, ಹಸು ಕುಂಟುವುದು, ಮೇವು ಅಗಿಯಲಾಗದೆ ಸೊರಗುವುದು ಇದರಿಂದ ಬರಬಹುದು. ಒಂದು ಸಮಾಧಾನವೆಂದರೆ ಹಸು ಕುಡಿದ ಫ್ಲೋರೈಡ್ ಹಾಲಿಗೆ ಇಳಿಯುವುದು ತೀರಾ ಕಡಿಮೆ, ಅದು ಮೂಳೆಯಲ್ಲೇ ಉಳಿಯುತ್ತದೆ. ಗಿರಾಕಿಗೆ ಹೆದರಿಕೆಯಿಲ್ಲ. ನಷ್ಟ ಹಸುವಿಗೆ, ಹಸು ಸಾಕಿದವಳಿಗೆ.

ಕುದಿಸಿದರೆ ಎಲ್ಲ ಹೋಗುತ್ತದೆ ಎಂದು ನಂಬಿದವರೂ ಇದ್ದಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ಅದು ನಿಜ. ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಗಟ್ಟಿಯಾಗುತ್ತವೆ. ಯಾವ ನೀರಿಗೆ ಯಾವ ಉಪಾಯ ಎಂದು ಗೊತ್ತಾಗಬೇಕಾದರೂ ಮೊದಲು ಪರೀಕ್ಷೆ ಬೇಕು.

ಪರೀಕ್ಷೆಗೆ ದಾರಿ ಆಗಲೇ ಇದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ (ನಮ್ಮಲ್ಲಿ ‘ಮನೆ ಮನೆಗೆ ಗಂಗೆ’) ನಲ್ಲಿ ಹಾಕಿ ಕೈತೊಳೆದುಕೊಳ್ಳುವ ಯೋಜನೆಯಲ್ಲ. ನೀರಿನ ಮೂಲಗಳನ್ನು ವರ್ಷಕ್ಕೆ ಒಮ್ಮೆ ರಾಸಾಯನಿಕಗಳಿಗಾಗಿ, ಮಳೆಗಾಲದ ಮುಂಚೆ ಒಮ್ಮೆ ನಂತರ ಒಮ್ಮೆ ರೋಗಾಣುಗಳಿಗಾಗಿ ಪರೀಕ್ಷಿಸಬೇಕು, ಪ್ರತಿ ಹಳ್ಳಿಯಲ್ಲೂ ಐದು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕು ಎಂದು ಅದರಲ್ಲೇ ಇದೆ. ಕಿಟ್ ಕಷ್ಟದ್ದಲ್ಲ. ನೀರಿಗೆ ಹನಿ ಹಾಕಿ ಬಂದ ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಿ ನೋಡುವುದು. ರೋಗಾಣುವಿಗೆ ಒಂದು ಸಣ್ಣ ಬಾಟಲಿ. ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗಿನ ಕಡೆ ಇಟ್ಟಾಗ ಕಪ್ಪಾದರೆ ಆ ನೀರು ಕುಡಿಯಬಾರದು. ಲ್ಯಾಕ್ಟೋಮೀಟರ್ ಹಿಡಿದ ಕೈಗೆ ಇದೇನು ಹೆಚ್ಚಲ್ಲ.

ಹಾಗಾದರೆ ನಾವು ಕೇಳಬೇಕಾದದ್ದು ಇಷ್ಟು. ನಮ್ಮ ಊರಿನ ಆ ಐದು ಮಹಿಳೆಯರು ಯಾರು, ಕಿಟ್ ಎಲ್ಲಿದೆ ಎಂದು ಗ್ರಾಮಸಭೆಯಲ್ಲಿ ಕೇಳೋಣ. ಯಾರೂ ಇಲ್ಲದಿದ್ದರೆ ಸಂಘದ ಸದಸ್ಯೆಯರೇ ಹೆಸರು ಕೊಡೋಣ. ಊರಿಗೆ ನೀರು ಕೊಡುವ ಪ್ರತಿ ಕೊಳವೆಬಾವಿ, ಓವರ್‌ಹೆಡ್ ಟ್ಯಾಂಕು ಮತ್ತು ಪೈಪಿನ ಕೊನೆಯ ಮನೆಯ ನಲ್ಲಿ, ಈ ಮೂರರ ಫಲಿತಾಂಶವನ್ನೂ ದಿನಾಂಕದ ಸಮೇತ ಡೇರಿಯ ಬೋರ್ಡಿನಲ್ಲಿ ಬರೆಸೋಣ. ಟ್ಯಾಂಕ್ ತೊಳೆದ ದಿನ, ಕ್ಲೋರಿನ್ ಹಾಕಿದ ದಿನವೂ ಅಲ್ಲೇ ಇರಲಿ. ಫಿಲ್ಟರ್ ಘಟಕದ ಮೆಂಬ್ರೇನ್ ಯಾವಾಗ ಬದಲಿಸಿದರು ಎಂಬುದು ಘಟಕದ ಬಾಗಿಲಲ್ಲಿ ಕಾಣಲಿ, ಅದರ ವೇಸ್ಟ್ ನೀರು ದನದ ತೊಟ್ಟಿಗೆ ಹೋಗುವುದು ಇವತ್ತೇ ನಿಲ್ಲಲಿ. ಫ್ಲೋರೈಡ್ ಹೆಚ್ಚಿರುವ ಬಾವಿಗೆ ಕೆಂಪು ಬಣ್ಣ ಬಳಿದು, ಅದು ಬಟ್ಟೆ ಪಾತ್ರೆಗೆ ಮಾತ್ರ ಎಂದು ಬರೆಯಲಿ.

ಇದು ಡೇರಿಯ ಕೆಲಸವಲ್ಲ, ಪಂಚಾಯಿತಿಯದು ಎನ್ನುವವರಿದ್ದಾರೆ. ನೀರು ಕೊಡುವುದು ಪಂಚಾಯಿತಿಯ ಕೆಲಸವೇ, ಅದರಿಂದ ಅವರು ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಊರಿನ ಹೆಂಗಸರು ದಿನಕ್ಕೆರಡು ಸಲ ತಪ್ಪದೆ ಸೇರುವ ಜಾಗ ಡೇರಿಯೊಂದೇ. ಬೋರ್ಡು ಪಂಚಾಯಿತಿ ಕಚೇರಿಯಲ್ಲಿದ್ದರೆ ಅದನ್ನು ಓದುವವರು ನಾಲ್ಕು ಜನ.

ಎತ್ತಿನಹೊಳೆ, ಹೇಮಾವತಿ ನೀರು ಬಂದಮೇಲೆ ಈ ತಾಪತ್ರಯ ಇರುವುದಿಲ್ಲ ಎನ್ನುವವರೂ ಇದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಹತ್ತಿರ ಎತ್ತಿನಹೊಳೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿದೆ ನಿಜ. ಹೊಳೆ ನೀರಿನಲ್ಲಿ ಫ್ಲೋರೈಡ್ ಭಯ ಕಡಿಮೆ, ರೋಗಾಣುವಿನ ಭಯ ಜಾಸ್ತಿ. ಅದು ಬರುವುದೂ ಇದೇ ಟ್ಯಾಂಕು, ಇದೇ ಪೈಪು, ಇದೇ ಗುಂಡಿಯ ನಲ್ಲಿಯಲ್ಲಿ. ಹೊಳೆ ನೀರು ಬಾರದ ದಿನ ಮತ್ತೆ ಬೋರ್ ನೀರನ್ನೇ ಬಿಡುತ್ತಾರೆ. ಎರಡು ಮೂಲ ಬೆರೆತಾಗ ಪರೀಕ್ಷೆಯ ಅಗತ್ಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಫಲಿತಾಂಶ ಹೊರಗೆ ಹಾಕಿದರೆ ಊರಿನ ಮರ್ಯಾದೆ ಹೋಗುತ್ತದೆ, ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ ಎಂಬ ಅಂಜಿಕೆ ಒಳಗೊಳಗೇ ಇರುತ್ತದೆ. ಫ್ಯಾಟ್ ಕಡಿಮೆ ಬಂದ ದಿನ ನಾವು ಹಸು ಮಾರಿಬಿಡಲಿಲ್ಲ. ಮೇವು ಬದಲಿಸಿದೆವು, ಖನಿಜ ಮಿಶ್ರಣ ಕೊಟ್ಟೆವು, ಸರಿಮಾಡಿಕೊಂಡೆವು. ಗೊತ್ತಾದ ದೋಷಕ್ಕೆ ಮದ್ದು ಹುಡುಕಬಹುದು.

ಕೊನೆಯದಾಗಿ, ಸಭೆಗೆ ಕಾಯದೆ ಮನೆಯಲ್ಲೇ ಮಾಡಬಹುದಾದ ಕೆಲಸಗಳಿವೆ. ನಲ್ಲಿಯನ್ನು ಗುಂಡಿಯಿಂದ ಮೇಲಕ್ಕೆತ್ತಿ. ಪೈಪಿಗೆ ಹಾಕಿದ ಮೋಟರ್ ತೆಗೆಯಿರಿ. ನೀರು ಬಿಟ್ಟಾಗ ಮೊದಲು ಬರುವ ಒಂದೆರಡು ಕೊಡ ಕುಡಿಯಲು ಹಿಡಿಯಬೇಡಿ. ಚಾವಣಿಯ ಮಳೆನೀರಿನಲ್ಲಿ ಫ್ಲೋರೈಡ್ ಇರುವುದಿಲ್ಲ. ಸಾವಿರ ಚದರ ಅಡಿ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಒಂಬೈನೂರು ಲೀಟರಿಗೂ ಹೆಚ್ಚು ನೀರು. ಸೋಸಿ, ಮುಚ್ಚಿಟ್ಟು, ಕುದಿಸಿ ಕುಡಿಯಬಹುದು. ಇನ್ನೊಂದು ಮಾತು: ಸುಣ್ಣದಂಶವಿರುವ ಊಟ ಫ್ಲೋರೈಡಿನ ಹೊಡೆತವನ್ನು ತಗ್ಗಿಸುತ್ತದೆ. ಸುಣ್ಣದಂಶ ಹೇರಳವಾಗಿರುವುದು ರಾಗಿಯಲ್ಲಿ, ಹಾಲಿನಲ್ಲಿ. ಕರೆದ ಹಾಲನ್ನೆಲ್ಲ ಡೇರಿಗೆ ಅಳೆದು, ಮನೆಯ ಮಗುವಿಗೆ ಬರೀ ಟೀ ಕೊಡುವ ರೂಢಿ ಬಿಡೋಣ. ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಒಂದೊಂದು ಲೋಟ ತೆಗೆದಿಟ್ಟು ಉಳಿದದ್ದನ್ನು ಅಳೆಯೋಣ.

ಈ ಸಲದ ಸಭೆಯ ನೋಟಿಸು ಬಂದಾಗ ನೀರಿನ ಬೋರ್ಡಿನ ವಿಷಯವನ್ನು ಬರೆದು, ಹತ್ತು ಜನ ಸದಸ್ಯೆಯರು ಸಹಿ ಹಾಕಿ ಕಾರ್ಯದರ್ಶಿಯ ಕೈಗೆ ಕೊಡಿ. ಬಾಯಲ್ಲಿ ಹೇಳಿದ್ದು ಸಭೆ ಮುಗಿಯುವಷ್ಟರಲ್ಲಿ ಮರೆತುಹೋಗುತ್ತದೆ, ನಡಾವಳಿ ಪುಸ್ತಕದಲ್ಲಿ ಬರೆದದ್ದು ಉಳಿಯುತ್ತದೆ.