ನೊಂದವರ ಅಹವಾಲಿಗೆ ಕಚೇರಿಯ ಬಾಗಿಲು ತೆರೆದಿರಲೆಂದು ಮನವಿ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು, ಕರ್ನಾಟಕ ಸರ್ಕಾರ, ಬೆಂಗಳೂರು
(ಮಾನ್ಯ ಜಿಲ್ಲಾಧಿಕಾರಿಗಳು, ಗದಗ, ಇವರ ಮುಖಾಂತರ)

ವಿಷಯ: ಬಡತನ, ಲಂಚಗುಳಿತನ, ದಬ್ಬಾಳಿಕೆ ಹಾಗೂ ಭಯೋತ್ಪಾದನೆ ಕುರಿತು ನಮ್ಮ ಬೇಡಿಕೆಗಳು

ಮಾನ್ಯರೇ,

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ರೈತರು, ನೇಕಾರರು, ಕೂಲಿಕಾರರಾದ ನಾವು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಭಯೋತ್ಪಾದನೆಯ ಮಾತು ಬಂದಾಗಲೆಲ್ಲ ಬಡತನದ ಕಡೆ ಬೆರಳು ತೋರಿಸುವುದು ರೂಢಿಯಾಗಿದೆ. ಇದಕ್ಕೆ ನಮ್ಮ ತಕರಾರಿದೆ. ಮಳೆ ಕೈಕೊಟ್ಟ ವರ್ಷ ನಮ್ಮ ತಾಂಡಾಗಳ ಜನ ಬಂದೂಕು ಹಿಡಿದಿಲ್ಲ. ಮುದುಕರನ್ನು ಮನೆಯಲ್ಲಿ ಬಿಟ್ಟು ಗೋವಾ, ಮಂಗಳೂರಿಗೆ ಗುಳೆ ಹೋಗಿದ್ದಾರೆ. ಬಡತನಕ್ಕೂ ಭಯೋತ್ಪಾದನೆಗೂ ನೇರ ನಂಟು ಕಾಣುವುದಿಲ್ಲವೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಮತ್ತು ಯಿಟ್ಕಾ ಮಾಲೆಚ್ಕೋವಾ 2003ರಲ್ಲಿಯೇ ಬರೆದರು. 1858ರಲ್ಲಿ ಕೊಪ್ಪಳದ ಕೋಟೆ ಹಿಡಿದು ಬ್ರಿಟಿಷರೊಡನೆ ಕಾದಾಡಿ ಮಡಿದ ಮುಂಡರಗಿ ಭೀಮರಾಯನೂ ಹಸಿದವನಲ್ಲ, ಅವರದೇ ಆಡಳಿತದಲ್ಲಿ ಅಧಿಕಾರಿಯಾಗಿದ್ದವ.

ಜನ ಕೆರಳುವುದು ಕೇಳುವವರಿಲ್ಲದಾಗ. ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಾವರಿ ಜಮೀನಿನ ಮೇಲಿನ ಬೆಟರ್‌ಮೆಂಟ್ ಲೆವಿ (ಸುಧಾರಣಾ ಕರ) ಬೇಡವೆಂದು ಕೇಳಿದ್ದು ಮೊದಲು ಅರ್ಜಿಯಲ್ಲಿಯೇ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಅದನ್ನು ಭಯೋತ್ಪಾದನೆ ಎನ್ನುವುದು ಅನ್ಯಾಯ. ಆದರೆ ಅರ್ಜಿಯಿಂದ ಹೆಣದವರೆಗಿನ ದಾರಿ ಎಷ್ಟು ಗಿಡ್ಡದು ಎಂದು ಈ ಸೀಮೆ ಆಗ ಕಂಡಿತು. ಮೂರು ದಶಕದ ಮೇಲೆ, 2011ರಲ್ಲಿ, ಪೋಸ್ಕೋ ಉಕ್ಕಿನ ಕಾರ್ಖಾನೆಗಾಗಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತ ಮೂರು ಸಾವಿರ ಎಕರೆಗೂ ಮಿಕ್ಕಿ ಭೂಮಿ ಕೇಳಿದಾಗ ಗದಗಿನ ತೋಂಟದ ಸಿದ್ಧಲಿಂಗ ಶ್ರೀಗಳು ರೈತರ ಮುಂದೆ ನಿಂತರು. ಸರ್ಕಾರ ಕೇಳಿತು, ಯೋಜನೆ ಕೈಬಿಟ್ಟಿತು. ಗುಂಡು ಹಾರಲಿಲ್ಲ.

ಮಲೆನಾಡಿನಲ್ಲಿ ಹಾಗಾಗಲಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವಿಕೆಯ ಭೀತಿ ಕೆಲವು ಯುವಕ ಯುವತಿಯರನ್ನು ನಕ್ಸಲರ ಕಡೆ ತಳ್ಳಿತು. 2005ರಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರನ್ನು ಕೊಂದವರ ಪರ ನಾವು ಒಂದು ಮಾತನ್ನೂ ಆಡುವುದಿಲ್ಲ. ಆದರೆ 2025ರ ಜನವರಿ 8ರಂದು ಆರು ಮಂದಿ ನಕ್ಸಲರು ತಮ್ಮೆದುರೇ ಶರಣಾದದ್ದು ಮಾತುಕತೆಯಿಂದ ಎಂಬುದನ್ನು ನೆನಪಿಸುತ್ತೇವೆ. ಕಾಡಿಗೆ ಹೋದ ಮೇಲೆ ಕೊಡುವ ಕಿವಿಯನ್ನು ಊರಲ್ಲಿದ್ದಾಗಲೇ ಕೊಟ್ಟರೆ ಖರ್ಚೂ ಕಡಿಮೆ.

ಆದ್ದರಿಂದ, ಭೂಸ್ವಾಧೀನದ ಯಾವ ಅಧಿಸೂಚನೆಯೂ ಆಯಾ ಊರಿನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳದೆ ಹೊರಡಬಾರದು. ತಾಂಡಾಗಳನ್ನು ಕಂದಾಯ ಗ್ರಾಮಗಳಾಗಿಸಿ ಹಕ್ಕುಪತ್ರ ಕೊಡುವ ಕೆಲಸ ಮುಗಿಯಬೇಕು. ಗುಳೆ ಹೊರಡುವ ಮೊದಲೇ ಊರಲ್ಲಿ ಕೂಲಿ ಸಿಗಬೇಕು.

ಲಂಚದ ವಿಷಯದಲ್ಲಿ ನಮ್ಮ ಒತ್ತಾಯ ಜೋರಾಗಿಯೇ ಇದೆ. ಪಹಣಿ ತಿದ್ದುಪಡಿಗೆ ರೊಕ್ಕ ತೆತ್ತವನಿಗೆ ಸರ್ಕಾರವೆಂದರೆ ಆ ಮೇಜಿನ ಹಿಂದೆ ಕೂತವನೇ. 2022ರಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು ರದ್ದುಪಡಿಸಿ ಲೋಕಾಯುಕ್ತಕ್ಕೆ ಬಲ ಮರಳಿಸಿತು. ಈಗ ವಿಚಾರಣೆಗೆ ಅನುಮತಿ ಕೊಡುವ ಕಡತಗಳು ಇಲಾಖೆಗಳಲ್ಲಿ ಕೊಳೆಯಬಾರದು. ಅನುಮತಿಗೆ ಗಡುವು ಹಾಕಿ, ಮೀರಿದ ಅಧಿಕಾರಿಯ ಹೆಸರು ಪ್ರಕಟಿಸಿ.

ಶಾಂತಿಯುತ ಧರಣಿ ಮಾಡಿದವರ ಮೇಲಿನ ಮೊಕದ್ದಮೆಗಳನ್ನು ಹಿಂಪಡೆಯಬೇಕು. ಜಾಮೀನೇ ದುರ್ಲಭವಾದ ಯುಎಪಿಎ ಕಾಯ್ದೆಯನ್ನು ಘೋಷಣೆ ಕೂಗಿದವರ ಮೇಲೆ ಹೇರಬಾರದು. ಎಲ್ಲಿಯೋ ಬಾಂಬ್ ಸಿಡಿದರೆ ಲಕ್ಷ್ಮೇಶ್ವರದ, ಬೆಟಗೇರಿಯ ಹುಡುಗರನ್ನು ಹೆಸರು ನೋಡಿ ಠಾಣೆಗೆ ಕರೆಯುವಂತಾಗಬಾರದು. ಹಿಂದೂ-ಮುಸ್ಲಿಂ ಭಾವೈಕ್ಯಕ್ಕೆ ಹೆಸರಾದ ಶಿರಹಟ್ಟಿಯ ಫಕೀರೇಶ್ವರ ಮಠ ಇರುವ ನೆಲ ಇದು. ಇಲ್ಲಿ ಗುಮಾನಿ ಬಿತ್ತುವುದು ಪೊಲೀಸರಿಗೂ ಲಾಭದ ಕೆಲಸವಲ್ಲ, ಸುಳಿವು ಕೊಡುವ ಬಾಯಿಗಳೇ ಮುಚ್ಚಿಹೋಗುತ್ತವೆ.

ಈ ಮನವಿಗೆ ಲಿಖಿತ ಉತ್ತರ ಕೋರುತ್ತೇವೆ. ಸ್ವೀಕೃತಿಯ ಮೊಹರು ಉತ್ತರವಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ನಾಲ್ಕೂ ಊರುಗಳ ಹಾಗೂ ಸುತ್ತಲ ಹಳ್ಳಿಗಳ ನಾಗರಿಕರು
ಸ್ಥಳ: ಗದಗ