‘ಸೇಮ್ ಟು ಸೇಮ್’ ಅಂದರೆ ಹೊಗಳಿಕೆಯೇ?

ಕಾಲೇಜು ಫೆಸ್ಟ್‌ನಲ್ಲಿ ಹಳೆಯ ಹಾಡು ಹಾಡಿ ವೇದಿಕೆ ಇಳಿದವರಿಗೆ ಸಿಗುವ ದೊಡ್ಡ ಮೆಚ್ಚುಗೆ ಒಂದೇ: ‘ಸೇಮ್ ಟು ಸೇಮ್ ಮಗಾ!’ ನಾನು ಕೀಬೋರ್ಡ್ ನುಡಿಸುವವನು. ಮೂಲ ಹಾಡಿನ ಬಿಜಿಎಂ ಒಂದು ಸ್ವರವೂ ಆಚೀಚೆ ಆಗದಂತೆ ನುಡಿಸಲು ವಾರಗಟ್ಟಲೆ ಒದ್ದಾಡಿದ್ದೇನೆ. ಚಪ್ಪಾಳೆಯೂ ಬಿದ್ದಿದೆ. ಅದು ಬಿದ್ದದ್ದು ನನಗೋ, ಮೂಲ ರೆಕಾರ್ಡಿಂಗ್‌ಗೋ ಎಂಬ ಅನುಮಾನ ಶುರುವಾದದ್ದು ನೋರಾ ಜೋನ್ಸ್ ಹಾಡಿದ ಒಂದು ಕಾರ್ಯಕ್ರಮದ ಆಲ್ಬಂ ಕೇಳಿದ ಮೇಲೆ.

ನೋರಾ, ಸಿತಾರ್ ಮಾಂತ್ರಿಕ ಪಂಡಿತ್ ರವಿಶಂಕರ್ ಅವರ ಮಗಳು. ಆದರೆ ಆರಿಸಿಕೊಂಡದ್ದು ಪಿಯಾನೊ. ಜಾಝ್, ಕಂಟ್ರಿ, ಪಾಪ್ ಎಲ್ಲದರಲ್ಲೂ ಓಡಾಡಿದವರು. 2009ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನ ಜಾಝ್ ವೇದಿಕೆಯಲ್ಲಿ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ತಂಡ ಮತ್ತು ಹಿರಿಯ ಗಾಯಕ ವಿಲ್ಲಿ ನೆಲ್ಸನ್ ಜತೆ ಸೇರಿ ಅವರು ರೇ ಚಾರ್ಲ್ಸ್‌ಗೆ ಗೌರವ ಸಲ್ಲಿಸಿದರು. ಅಂದು ಪಿಯಾನೊ ಮಾರ್ಸಾಲಿಸ್ ತಂಡದ ಡ್ಯಾನ್ ನಿಮ್ಮರ್ ಅವರದು, ನೋರಾ ಅವರದು ಹಾಡು.

ರೇ ಚಾರ್ಲ್ಸ್ ಅಂದರೆ ಸೋಲ್ ಸಂಗೀತಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು. ಕೂಗುತ್ತಾರೆ, ನರಳುತ್ತಾರೆ, ಹಾಡಿನ ಮಧ್ಯೆ ನಗುತ್ತಾರೆ. ನೋರಾ ಅವರದು ಪಕ್ಕದಲ್ಲಿ ಕೂತು ಮಾತಾಡಿದಂಥ ಮೆಲುದನಿ. ಅದನ್ನೇ ಇಟ್ಟುಕೊಂಡು ಹಾಡಿದರು. ರೇ ಅವರ ಕೊನೆಯ ದಿನಗಳಲ್ಲಿ ‘ಹಿಯರ್ ವಿ ಗೋ ಅಗೇನ್’ ಹಾಡನ್ನು ಅವರ ಜೊತೆಗೇ ಹಾಡಿದವರು ಇವರು. 2004ರ ಜೂನ್‌ನಲ್ಲಿ ರೇ ತೀರಿಕೊಂಡರು. ಮರುವರ್ಷ ಆ ಹಾಡಿಗೆ ವರ್ಷದ ರೆಕಾರ್ಡ್ ಎಂಬ ಗ್ರ್ಯಾಮಿ ಬಂತು. ರೇ ಹಾಡುವ ಬಗೆಯನ್ನು ಅಷ್ಟು ಹತ್ತಿರದಿಂದ ಕಂಡವರು ವೇದಿಕೆಯಲ್ಲಿ ಅದನ್ನು ಮಿಮಿಕ್ರಿ ಮಾಡಲಿಲ್ಲ. ನನ್ನ ಪ್ರಕಾರ ಆ ಸಂಜೆಯ ನಿಜವಾದ ಗೌರವ ಅದೇ.

ಯಾಕೆಂದರೆ ರೇ ಅವರ ಕಥೆಯೂ ಹೀಗೇ ಇದೆ. ಏಳರ ವಯಸ್ಸಿಗೆ ಕಣ್ಣು ಕಳೆದುಕೊಂಡು, ಅಂಧರ ಶಾಲೆಯಲ್ಲಿ ಬ್ರೈಲ್ ಲಿಪಿಯಲ್ಲಿ ಸಂಗೀತ ಓದಲು ಕಲಿತ ಹುಡುಗ. ಆರಂಭದಲ್ಲಿ ಹೊಟ್ಟೆಪಾಡಿಗೆ ನ್ಯಾಟ್ ಕಿಂಗ್ ಕೋಲ್ ಥರವೇ ಹಾಡುತ್ತಿದ್ದರು. ಜನ ‘ಥೇಟ್ ಕೋಲ್’ ಅನ್ನುತ್ತಿದ್ದರೇ ಹೊರತು ಯಾರಿಗೂ ತನ್ನ ಹೆಸರು ಗೊತ್ತಿಲ್ಲವಲ್ಲ ಎಂದು ಒಂದು ದಿನ ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. 1954ರಲ್ಲಿ ಚರ್ಚಿನ ಭಕ್ತಿಗೀತೆಯ ಧಾಟಿಗೆ ಪ್ರೇಮದ ಮಾತು ಕೂಡಿಸಿ ‘ಐ ಗಾಟ್ ಎ ವುಮನ್’ ಹಾಡಿದರು. ಬೈಗುಳ ತಿಂದರು, ಆದರೆ ಹೆಸರು ಅವರದಾಯಿತು.

1962ರಲ್ಲಿ ಇನ್ನೊಂದು ತಮಾಷೆ ನಡೆಯಿತು. ಹನ್ನೆರಡು ವರ್ಷದ, ಅವನೂ ಅಂಧನೇ ಆದ ಒಬ್ಬ ಹುಡುಗನಿಂದ ‘ಟ್ರಿಬ್ಯೂಟ್ ಟು ಅಂಕಲ್ ರೇ’ ಎಂಬ ಆಲ್ಬಂ ಮಾಡಿಸಿ ಮೋಟೌನ್ ಕಂಪನಿ ಮಾರುಕಟ್ಟೆಗೆ ಬಿಟ್ಟಿತು. ಓಡಲಿಲ್ಲ. ಅದೇ ವರ್ಷ ‘ಅಂಕಲ್ ರೇ’ ತಮ್ಮ ಹಳೆಯ ದಾರಿ ಬಿಟ್ಟು ಕಂಟ್ರಿ ಹಾಡುಗಳ ಆಲ್ಬಂ ಮಾಡಿ ಗೆದ್ದಿದ್ದರು! ಹುಡುಗನೂ ಮರುವರ್ಷ ಹಾರ್ಮೋನಿಕಾ ಹಿಡಿದು ತನ್ನದೇ ಬಗೆಯ ‘ಫಿಂಗರ್‌ಟಿಪ್ಸ್’ ಮೂಲಕ ಅಮೆರಿಕದ ನಂಬರ್ ಒನ್ ಆದ. ಅವನೇ ಸ್ಟೀವಿ ವಂಡರ್.

ನಕಲು ಮಾಡದೆ ಕಲಿಯುವುದು ಹೇಗೆ ಅಂತ ನೀವು ಕೇಳಬಹುದು. ಒಪ್ಪುತ್ತೇನೆ, ರೇ ಕೂಡ ಹಾಗೇ ಕಲಿತರು. ಅದು ರೂಮಿನಲ್ಲಿ ಕೂತು ಮಾಡುವ ಅಭ್ಯಾಸ. ಲ್ಯಾಬ್ ರೆಕಾರ್ಡ್ ನೋಡಿ ಬರೆದವನಿಗೆ ವೈವಾದಲ್ಲಿ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತಿರುವುದೇ. ಕಷ್ಟ ಏನೆಂದರೆ, ಫೆಸ್ಟ್‌ನ ತೀರ್ಪುಗಾರರೂ ಮೂಲಕ್ಕೆ ಎಷ್ಟು ಹತ್ತಿರ ಇದೆ ಎಂದೇ ಅಂಕ ಹಾಕುತ್ತಾರೆ.

ಮುಂದಿನ ತಿಂಗಳು ನಮ್ಮಲ್ಲಿ ಎಸ್‌ಪಿಬಿ ನೆನಪಿನ ಗೀತಸ್ಪರ್ಧೆ ಇದೆ. ಒಂದು ಹಾಡನ್ನಾದರೂ ಬರೀ ಪಿಯಾನೊದಲ್ಲಿ, ನಿಧಾನವಾಗಿ, ನಮ್ಮ ಗಾಯಕಿಯ ಸ್ವಂತ ದನಿಯಲ್ಲೇ ಮಾಡೋಣ ಅಂದೆ. ‘ಪ್ರೈಜ್ ಹೋದರೆ ನೀನೇ ಹೊಣೆ’ ಅಂದಿದ್ದಾರೆ. ಜಗಳ ಇನ್ನೂ ಮುಗಿದಿಲ್ಲ.